ದೋಣಿಯಲ್ಲಿ ಟಿಪ್ಪಣಿಗೆ ಜಾಗವಿಲ್ಲ

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಒಳಗೊಂದು ಕೃತಕ ನದಿಯಿದೆ. ಅದರ ದಡದಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಪುಟ್ಟ ಮನೆಯೊಂದು ಬಹಳ ವರ್ಷಗಳ ಕಾಲ ಉರಿಯುತ್ತಿತ್ತು. ಗ್ಯಾಸಿನ ಕೊಳವೆಯಿಂದ ಬರುತ್ತಿದ್ದ ನಿಜವಾದ ಬೆಂಕಿ. ಮೊದಮೊದಲು ಆ ಮನೆಯ ಮುಂದೆ ಬಾಣ ನೆಟ್ಟ ಬಿಳಿಯ ವಲಸಿಗನೊಬ್ಬನ ಗೊಂಬೆ ಬಿದ್ದಿರುತ್ತಿತ್ತು. ಅಮೆರಿಕದ ಮೂಲನಿವಾಸಿಗಳು ದಾಳಿ ಮಾಡಿ ಅವನನ್ನು ಕೊಂದು ಮನೆಗೆ ಬೆಂಕಿಯಿಟ್ಟರೆಂದು ನದಿಯಲ್ಲಿ ಸಾಗುವವರಿಗೆ ಹೇಳುತ್ತಿದ್ದರು. ಮುಂದೆ ಆ ಮಾತು ಹೇಳುವುದು ಕಷ್ಟವಾಯಿತು. ಬೆಂಕಿಯಿಟ್ಟವರು ನದಿಗಳ್ಳರು ಎಂದಾಯಿತು. ಆಮೇಲೆ ಮನೆಯವನೇ ಕಳ್ಳಭಟ್ಟಿ ಕಾಯಿಸಲು ಹೋಗಿ ಸುಟ್ಟುಕೊಂಡ ಎಂದಾಯಿತು. ಕೊನೆಗೆ ಬೆಂಕಿಯನ್ನೇ ಆರಿಸಿದರು. ಅಷ್ಟೂ ಕಾಲ ಮನೆ ಅದೇ, ಬೆಂಕಿ ಅದೇ. ಅಪರಾಧಿ ಮಾತ್ರ ಬದಲಾಗುತ್ತಿದ್ದ.

ಥೀಮ್ ಪಾರ್ಕಿನ ಹಳೆಯ ರೈಡುಗಳನ್ನು ಈಗಿನವರ ಮನಸ್ಸಿಗೆ ತಕ್ಕಂತೆ ತಿದ್ದಬೇಕೇ, ಇದ್ದ ಹಾಗೇ ಬಿಡಬೇಕೇ ಎಂದು ಕಳೆದ ಕೆಲವು ವರ್ಷಗಳಲ್ಲಿ ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆದಿದೆ. ಇದ್ದ ಹಾಗೇ ಬಿಡಿ ಎನ್ನುವವರ ಮಾತು ಕೇಳಿದಾಗ ನಾನು ಕೇಳುವುದು ಒಂದೇ: ಯಾವತ್ತು ಇದ್ದ ಹಾಗೆ? 1955ರ ಜುಲೈ 17ರಂದು ಪಾರ್ಕು ಬಾಗಿಲು ತೆರೆದ ವರ್ಷವೇ ಅಲ್ಲಿ ಆಂಟ್ ಜೆಮೈಮಾ ಹೆಸರಿನ ಪ್ಯಾನ್‌ಕೇಕ್ ಹೋಟೆಲೂ ಶುರುವಾಯಿತು. ತಲೆಗೆ ವಸ್ತ್ರ ಕಟ್ಟಿದ ಕಪ್ಪುವರ್ಣೀಯ ಅಡುಗೆಯವಳ ವೇಷದಲ್ಲಿ ಒಬ್ಬ ಹೆಂಗಸು ಬಂದವರನ್ನು ನಗುನಗುತ್ತ ಎದುರುಗೊಳ್ಳುತ್ತಿದ್ದಳು. ತೋಟದ ಧಣಿಗಳ ಮನೆಯಲ್ಲಿ ಗುಲಾಮಳಾಗಿದ್ದವಳು ಹೀಗೆಯೇ ಸಂತೋಷವಾಗಿದ್ದಳು ಎಂಬ ಹಳೆಯ ಸುಳ್ಳು ಆ ವೇಷದಲ್ಲಿತ್ತು. 1970ಕ್ಕೆ ಆ ಹೆಸರು ಪಾರ್ಕಿನಿಂದ ಹೋಯಿತು. ಮೂಲನಿವಾಸಿಗಳನ್ನೇ ಕರೆಸಿ ಕುಣಿಸುತ್ತಿದ್ದ 'ಇಂಡಿಯನ್ ವಿಲೇಜ್' 1971ರಲ್ಲಿ ಮುಚ್ಚಿತು. ಮರುವರ್ಷ ಅಲ್ಲಿಗೆ ಕರಡಿ ಗೊಂಬೆಗಳ ಹಾಡಿನ ಪ್ರದರ್ಶನ ಬಂತು. ಆಗ ಯಾರೂ ಪರಂಪರೆ ಹಾಳಾಯಿತೆಂದು ಬೀದಿಗಿಳಿದಂತೆ ಕಾಣದು. ತನ್ನ ಪಾರ್ಕು ಎಂದೂ ಪೂರ್ತಿಯಾಗುವುದಿಲ್ಲ, ಬದಲಾಗುತ್ತಲೇ ಇರುತ್ತದೆ ಎಂದು ವಾಲ್ಟ್ ಡಿಸ್ನಿಯೇ ಹೇಳಿಕೊಂಡು ಬಂದಿದ್ದ.

ನಾವು ಆರೆಂಜ್ ಕೌಂಟಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆ ಕಾಲಕ್ಕೆ ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸದ ಮೇಲೆ ಬಂದ ಕನ್ನಡದ ಕುಟುಂಬಗಳಿಗೆಲ್ಲ ಒಂದು ಗೊತ್ತಾದ ದಾರಿಯಿತ್ತು. ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಆರು ತಿಂಗಳಿಗೆಂದು ಬರುತ್ತಾರೆ. ಒಂದು ಶನಿವಾರ ಮಾಲಿಬು ದೇವಸ್ಥಾನ, ಇನ್ನೊಂದು ಶನಿವಾರ ಸಮುದ್ರ, ಮತ್ತೊಂದು ಶನಿವಾರ ಡಿಸ್ನಿಲ್ಯಾಂಡ್. ಬೆಳಿಗ್ಗೆಯೇ ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿಕೊಂಡು ಹೋಗಿ, ಮಧ್ಯಾಹ್ನ ಕೈಗೆ ಮುದ್ರೆ ಒತ್ತಿಸಿಕೊಂಡು ಗೇಟಿನ ಹೊರಗೆ ಬಂದು ಊಟ ಮಾಡಿ, ಮತ್ತೆ ಒಳಗೆ ಹೋಗುವುದು. ಹಾಗಾಗಿ ಆ ರೈಡುಗಳನ್ನು ನಾನು ಬೇರೆ ಬೇರೆಯವರ ಪಕ್ಕದಲ್ಲಿ ಕೂತು ನೋಡಿದ್ದೇನೆ. ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಕಾಣುವುದೂ ಬದಲಾಗುತ್ತದೆ.

ವಯಸ್ಸಾದವರನ್ನು ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಜಂಗಲ್ ಕ್ರೂಸಿಗೆ. ಅಲ್ಲಿ ಎತ್ತಿ ಒಗೆಯುವುದಿಲ್ಲ, ತಲೆ ಸುತ್ತುವುದಿಲ್ಲ. ಕೆಳಗಿನ ಕಂಬಿ ಕಾಣಬಾರದೆಂದು ಬಣ್ಣ ಬೆರೆಸಿ ಕದಡಿದಂತೆ ಮಾಡಿದ ನೀರಿನಲ್ಲಿ ದೋಣಿ ತೆವಳುತ್ತ ಹೋಗುತ್ತದೆ. ಚುಕ್ಕಾಣಿ ಹಿಡಿದ ಹುಡುಗನೋ ಹುಡುಗಿಯೋ ಉದ್ದಕ್ಕೂ ಜೋಕು ಹೊಡೆಯುತ್ತಾರೆ. ಏಷ್ಯಾದ ನದಿ, ಆಫ್ರಿಕದ ನದಿ, ದಕ್ಷಿಣ ಅಮೆರಿಕದ ನದಿ ಎಲ್ಲವನ್ನೂ ಕೂಡಿಸಿ ಹೊಲಿದ ಒಂದೇ ನದಿ. 1955ರಲ್ಲಿ ಇದು ಗಂಭೀರವಾದ ರೈಡಾಗಿತ್ತು. ಡಿಸ್ನಿ ಕಂಪನಿಯೇ ತೆಗೆಯುತ್ತಿದ್ದ ವನ್ಯಜೀವಿಗಳ ಸಾಕ್ಷ್ಯಚಿತ್ರಗಳ ಧಾಟಿಯಲ್ಲಿ ವಿವರಣೆ ಕೊಡುತ್ತಿದ್ದರು. ಒಮ್ಮೆ ನೋಡಿದವರು ಮತ್ತೆ ಬರುತ್ತಿಲ್ಲವೆಂದು ಅರವತ್ತರ ದಶಕದಲ್ಲಿ ಮಾರ್ಕ್ ಡೇವಿಸ್ ಎಂಬ ಚಿತ್ರಕಾರನನ್ನು ಕರೆಸಿ ಹಾಸ್ಯದ ದೃಶ್ಯಗಳನ್ನು ಸೇರಿಸಿದರು. 1962ರಲ್ಲಿ ಬಂದದ್ದು ಭಾರತದ ಆನೆಗಳು ಮೀಯುವ ಕೊಳ.

ಮಾವ ಹಾಸನದ ಕಡೆಯವರು. ಆಲೂರು, ಸಕಲೇಶಪುರದ ತೋಟಗಳಿಗೆ ಆನೆ ಇಳಿಯುವುದನ್ನು ಕಂಡವರು. ಆ ಕೊಳದ ಹತ್ತಿರ ದೋಣಿ ನಿಧಾನವಾದಾಗ ಎದ್ದು ಬಗ್ಗಿ ನೋಡಿ, "ಕಿವಿ ನಮ್ ಕಡೇವೇ ಕಣಮ್ಮ, ಬೆನ್ನೂ ಸರಿಯಾಗೈತೆ" ಎಂದರು. ಅದು ಅವರು ಆ ದಿನ ಕೊಟ್ಟ ದೊಡ್ಡ ಮೆಚ್ಚುಗೆ. ನಿಜ, ಆನೆಗಳು ಸರಿಯಾಗಿದ್ದವು. ಮಾರ್ಕ್ ಡೇವಿಸ್ 'ಬ್ಯಾಂಬಿ' ಚಿತ್ರಕ್ಕೆ ಕೆಲಸ ಮಾಡಿದ್ದವನು, ಪ್ರಾಣಿಗಳ ಮೂಳೆ ಮಾಂಸ ಹೇಗೆ ಚಲಿಸುತ್ತವೆಂದು ಕೂತು ಬರೆದು ಕಲಿತವನು. ಯಂತ್ರದ ಆನೆಯ ಸೊಂಡಿಲಿನಲ್ಲೂ ಆ ಕಲಿಕೆ ಕಾಣುತ್ತಿತ್ತು.

ಅದೇ ನದಿಯ ಮುಂದಿನ ತಿರುವುಗಳಲ್ಲಿ ಮನುಷ್ಯರಿದ್ದರು. ಮುಖಕ್ಕೆ ಬಣ್ಣ ಬಳಿದುಕೊಂಡು ಕುಣಿಯುವ ಕಾಡುಜನ, ಪೊದೆಯ ಹಿಂದಿನಿಂದ ಎದ್ದು ಭರ್ಜಿ ಎತ್ತುವ ಕಾಡುಜನ. ಕೊನೆಯಲ್ಲಿ ಟ್ರೇಡರ್ ಸ್ಯಾಮ್ ಎಂಬ ಮುದುಕ. ಅವನ ವ್ಯಾಪಾರ ಒಣಗಿಸಿ ಕುಗ್ಗಿಸಿದ ಮನುಷ್ಯರ ತಲೆಗಳದ್ದು. ನಿಮ್ಮದೊಂದು ಕೊಟ್ಟರೆ ತನ್ನವೆರಡು ಕೊಡುತ್ತಾನೆಂಬುದು ಜೋಕು. ಇವರು ಯಾವ ದೇಶದವರು, ಯಾವ ಬುಡಕಟ್ಟಿನವರು, ಯಾವ ಭಾಷೆಯವರು ಎಂಬುದಕ್ಕೆ ಉತ್ತರವೇ ಇರಲಿಲ್ಲ. ಆನೆಯ ಕಿವಿ ಏಷ್ಯಾದ್ದೋ ಆಫ್ರಿಕದ್ದೋ ಎಂದು ಎಚ್ಚರ ವಹಿಸಿದ ಕೈಗಳೇ ಮನುಷ್ಯನ ವಿಷಯಕ್ಕೆ ಬಂದಾಗ ಆ ಎಚ್ಚರ ಬಿಟ್ಟಿದ್ದವು. ಈ ರೈಡಿನ ಬಗ್ಗೆ ನನ್ನ ಮುಖ್ಯ ಆಕ್ಷೇಪ ಅಂದೂ ಇಂದೂ ಇದೇ. ಅದು ಹಳೆಯದಾಗಿ ಕೆಟ್ಟದ್ದಲ್ಲ. ಕಟ್ಟಿದ ದಿನವೇ ಅದರಲ್ಲಿ ಅರ್ಧ ಕೆಲಸ ಶ್ರದ್ಧೆಯದ್ದು, ಅರ್ಧ ಕೆಲಸ ಉಡಾಫೆಯದ್ದು.

ಪೈರೇಟ್ಸ್ ಆಫ್ ದ ಕೆರಿಬಿಯನ್ ಹಾಗಲ್ಲ. ಅದರಲ್ಲಿ ಉಡಾಫೆಯ ಕೆಲಸ ಒಂದೂ ಇರಲಿಲ್ಲ. ಅದಕ್ಕೇ ಅದನ್ನು ತಿದ್ದುವ ಪ್ರಶ್ನೆ ಹೆಚ್ಚು ಕಷ್ಟದ್ದು. ವಾಲ್ಟ್ ಡಿಸ್ನಿ ತಾನೇ ನಿಂತು ನೋಡಿಕೊಂಡ ಕೊನೆಯ ರೈಡುಗಳಲ್ಲಿ ಒಂದು. ಅವನು 1966ರ ಡಿಸೆಂಬರಿನಲ್ಲಿ ತೀರಿಕೊಂಡ, ರೈಡು 1967ರ ಮಾರ್ಚಿನಲ್ಲಿ ತೆರೆಯಿತು. ಕತ್ತಲೆಯ ಜೌಗಿನಲ್ಲಿ ಹೊರಟ ದೋಣಿ ಎರಡು ಇಳಿಜಾರು ಜಾರಿ ನೆಲದಡಿಯ ಗುಹೆಗೆ ಬೀಳುತ್ತದೆ. ಅಲ್ಲಿ ಅಸ್ಥಿಪಂಜರಗಳು, ನಿಧಿ. ಆಚೆಗೆ ಹಡಗು ಮತ್ತು ಕೋಟೆಯ ನಡುವೆ ಫಿರಂಗಿ ಯುದ್ಧ. ಗುಂಡು ಬಿದ್ದ ಕಡೆ ನೀರು ಚಿಮ್ಮುತ್ತದೆ. ಊರಿನ ಮುಖಂಡನನ್ನು ಬಾವಿಗೆ ಇಳಿಬಿಟ್ಟು ನಿಧಿ ಎಲ್ಲಿದೆಯೆಂದು ಕೇಳುತ್ತಿದ್ದಾರೆ. ಊರಿಗೆ ಊರೇ ಹತ್ತಿ ಉರಿಯುತ್ತಿದೆ. ಸೆರೆಮನೆಯೊಳಗಿನ ಕಳ್ಳರು ಬೀಗದ ಕೈಗೊಂಚಲು ಕಚ್ಚಿಕೊಂಡ ನಾಯಿಯನ್ನು ಮೂಳೆ ತೋರಿಸಿ ಕರೆಯುತ್ತಿದ್ದಾರೆ. ಬೆಳಕು, ಸದ್ದು, ಗೊಂಬೆಗಳ ಚಲನೆ ಒಂದಕ್ಕೊಂದು ಕೂಡಿಕೊಂಡ ರೀತಿ ನೋಡಿದರೆ ಅದನ್ನು ಕಲೆ ಎನ್ನಲು ನನಗೆ ಸಂಕೋಚವಿಲ್ಲ.

ಬಾವಿಯ ದೃಶ್ಯ ದಾಟಿದ ಮೇಲೆ ಹರಾಜು ಬರುತ್ತಿತ್ತು. ಊರಿನ ಹೆಣ್ಣುಮಕ್ಕಳನ್ನು ಹಗ್ಗದಿಂದ ಬಿಗಿದು ಸಾಲಾಗಿ ನಿಲ್ಲಿಸಿದ್ದಾರೆ. ಹೆಂಡತಿಗಾಗಿ ಒಬ್ಬಳನ್ನು ಕೊಂಡುಕೊಳ್ಳಿ ಎಂಬ ಅರ್ಥದ ಬಟ್ಟೆಯ ಫಲಕ ಮೇಲೆ ತೂಗುತ್ತಿದೆ. ಹರಾಜುಗಾರ ಒಬ್ಬ ದಪ್ಪ ಹೆಂಗಸನ್ನು ಮುಂದೆ ತಂದು ಬೆಲೆ ಕೂಗುತ್ತಾನೆ. ಕುಡಿದ ಕಳ್ಳರು ಅವಳು ಬೇಡ, ಹಿಂದೆ ನಿಂತ ಕೆಂಪುಗೂದಲಿನವಳು ಬೇಕೆಂದು ಅರಚುತ್ತಾರೆ. ಅದರ ಮುಂದೆ, ತಿರುಗುವ ತಟ್ಟೆಗಳ ಮೇಲೆ ಕಳ್ಳರು ಹೆಂಗಸರನ್ನು ಮನೆಯ ಸುತ್ತ ಅಟ್ಟಿಸಿಕೊಂಡು ಹೋಗುವ ದೃಶ್ಯ.

ಅತ್ತೆಗೆ ಇಂಗ್ಲಿಷ್ ಬಾರದು. ಕೂಗಾಟ, ಹಾಡು ಯಾವುದೂ ಅರ್ಥವಾಗಲಿಲ್ಲ. ಆದರೆ ಹಗ್ಗ ಕಾಣುತ್ತಿತ್ತು.

"ಅಲ್ಲ ಕಣೇ, ಈ ಹೆಣ್ಮಕ್ಳನ್ನ ಯಾಕೆ ಹಿಂಗೆ ಕಟ್ಟಿ ನಿಲ್ಸವ್ರೆ?"

"ಹರಾಜು ಹಾಕ್ತಾ ಇದಾರೆ ಕಣವ್ವ" ಎಂದು ಇವರು ಹಿಂದಿನ ಸೀಟಿನಿಂದ ಹೇಳಿದರು.

"ಯಾರ್ಗೆ?"

"ಆ ಕಳ್ಳರಿಗೆ."

ಅತ್ತೆ ಅಕ್ಕಪಕ್ಕದವರನ್ನು ನೋಡಿದರು. "ಎಲ್ಲಾರೂ ನಗ್ತಾವ್ರಲ್ಲ" ಎಂದರು. ಅದಕ್ಕೆ ನಾವು ಏನೂ ಹೇಳಲಿಲ್ಲ, ದೋಣಿ ಮುಂದೆ ಹೋಯಿತು. ಉರಿಯುವ ಊರು ಬಂದಾಗ ಅವರು ಕಣ್ಣರಳಿಸಿ ನೋಡಿದರು. ಕೀಲಿಯ ನಾಯಿಯನ್ನು ಕಂಡು ನಕ್ಕರು.

ಆ ಹಗ್ಗ ಬಿಚ್ಚಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1997ರಲ್ಲಿ ಅಟ್ಟಿಸಿಕೊಂಡು ಹೋಗುವ ದೃಶ್ಯವನ್ನು ಮಾತ್ರ ತಿದ್ದಿದರು. ಹೆಂಗಸರ ಕೈಗೆ ತಿಂಡಿಯ ತಟ್ಟೆ ಕೊಟ್ಟು, ಕಳ್ಳರು ಓಡುತ್ತಿರುವುದು ಊಟಕ್ಕಾಗಿ ಎಂದು ತೋರಿಸಿದರು. ಅದು ಅಂಜಿಕೆಯ ತಿದ್ದುಪಡಿ, ಯಾರನ್ನೂ ನಂಬಿಸಲಿಲ್ಲ. 2018ರಲ್ಲಿ ಹರಾಜಿನ ದೃಶ್ಯಕ್ಕೇ ಕೈಹಾಕಿದರು. ಈಗ ಹರಾಜಾಗುವುದು ಊರವರಿಂದ ದೋಚಿದ ಮಾಲು: ರಮ್ಮು, ಕೋಳಿ ಇತ್ಯಾದಿ. ಕೆಂಪುಗೂದಲಿನವಳು ರೆಡ್ ಎಂಬ ಹೆಸರಿನ ಕಡಲುಗಳ್ಳಿಯಾಗಿ, ಬಂದೂಕು ಹಿಡಿದು ಪಕ್ಕದಲ್ಲಿ ನಿಂತಿದ್ದಾಳೆ.

ಆಗ ಎದ್ದ ಪ್ರಶ್ನೆಯನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಕೊಲೆ, ಸುಲಿಗೆ, ಬೆಂಕಿ, ನೀರಿಗೆ ಅದ್ದಿ ಹಿಂಸೆ ಎಲ್ಲ ಇರಬಹುದು, ಹೆಣ್ಣಿನ ಹರಾಜು ಮಾತ್ರ ಇರಬಾರದೇ? ಕಳ್ಳರೆಂದರೆ ಕಳ್ಳರಲ್ಲವೇ? ಹೌದು. ಆದರೆ ದೃಶ್ಯವನ್ನು ಹೇಗೆ ಕಟ್ಟಿದ್ದರು ಎಂದು ನೋಡಬೇಕು. ಬಾವಿಯ ದೃಶ್ಯದಲ್ಲಿ ನಾವು ನೋಡುವುದು ಕಳ್ಳರ ಕ್ರೌರ್ಯವನ್ನು. ಹರಾಜಿನಲ್ಲಿ ನಗು ಹುಟ್ಟುತ್ತಿದ್ದದ್ದು ಕಳ್ಳರ ಮೇಲಲ್ಲ. ಒಬ್ಬ ಹೆಂಗಸು ದಪ್ಪಗಿದ್ದಾಳೆ, ಇನ್ನೊಬ್ಬಳು ಚೆಂದಗಿದ್ದಾಳೆ ಎಂಬುದರ ಮೇಲೆ. ದೋಣಿಯಲ್ಲಿ ಕೂತವರನ್ನು ಬೆಲೆ ಕೂಗುವವರ ಕಡೆಗೆ ಸೇರಿಸಿದ್ದರು. ಇನ್ನೊಂದು ಮಾತು. ಆ ದೋಣಿಯಲ್ಲಿ ಕಡಲುಗಳ್ಳರು ಬಾವಿಗೆ ಇಳಿಬಿಟ್ಟ ನೆನಪಿರುವವರು ಯಾರೂ ಇರುವುದಿಲ್ಲ. ಹರಾಜುಕಟ್ಟೆಯ ಮೇಲೆ ಅಜ್ಜಿಯ ಅಜ್ಜಿ ನಿಂತಿದ್ದಳೆಂದು ಗೊತ್ತಿರುವವರು ಆ ದೇಶದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರೂ ಟಿಕೆಟ್ಟು ಕೊಂಡು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಆದ್ದರಿಂದ 2018ರ ಬದಲಾವಣೆ ಸರಿ. ಕೆಲಸವೂ ಅಚ್ಚುಕಟ್ಟಾಗಿದೆ. ರೈಡಿನ ಹೆಸರಲ್ಲೇ ಬಂದ 2003ರ ಸಿನಿಮಾ ಗೆದ್ದಿತೆಂದು 2006ರಲ್ಲಿ ಅದೇ ರೈಡಿನಲ್ಲಿ ಅಲ್ಲಲ್ಲಿ ಆ ಸಿನಿಮಾದ ಜಾಕ್ ಸ್ಪ್ಯಾರೋನ ಗೊಂಬೆ ನಿಲ್ಲಿಸಿದರಲ್ಲ, ಮೂಲ ಕೃತಿಗೆ ಅದೇ ಹೆಚ್ಚಿನ ಹಾನಿ ಮಾಡಿತೆಂದು ನನಗನ್ನಿಸುತ್ತದೆ. ಮಾರಾಟಕ್ಕಾಗಿ ತಿದ್ದಿದ್ದನ್ನು ಒಪ್ಪಿಕೊಂಡು, ಮರ್ಯಾದೆಗಾಗಿ ತಿದ್ದಿದ್ದನ್ನು ವಿರೋಧಿಸುವವರ ಪರಂಪರೆಯ ಪ್ರೀತಿ ನನಗೆ ಅರ್ಥವಾಗುವುದಿಲ್ಲ.

ಸ್ನೋವೈಟಳ ರೈಡಿನಲ್ಲಿ ರಾಜಕುಮಾರನ ಮುತ್ತಿಗೆ ಅವಳ ಒಪ್ಪಿಗೆಯಿತ್ತೇ ಎಂದು 2021ರಲ್ಲಿ ಎದ್ದ ಚರ್ಚೆ ನನಗೆ ಮುಖ್ಯವೆನಿಸಲಿಲ್ಲ. ಸತ್ತವಳನ್ನು ಎಬ್ಬಿಸುವ ಕತೆ ಮಕ್ಕಳಿಗೆ ಕತೆಯಾಗಿಯೇ ತಿಳಿಯುತ್ತದೆ.

ಸ್ಪ್ಲ್ಯಾಶ್ ಮೌಂಟನ್ ರೈಡಿನ ವಿಷಯ ದೊಡ್ಡದು. ನಮ್ಮ ಬೀದಿಯಲ್ಲಿ ಅನಾಹೈಮಿನಲ್ಲೇ ಹುಟ್ಟಿ ಬೆಳೆದ ಒಬ್ಬರಿದ್ದಾರೆ. ಕಿತ್ತಲೆ ತೋಟಗಳನ್ನು ಕಡಿದು ಪಾರ್ಕು ಕಟ್ಟಿದ್ದನ್ನು ಅವರ ತಂದೆ ಕಂಡಿದ್ದರಂತೆ. 1989ರಲ್ಲಿ ಆ ರೈಡು ಬಂದಾಗ ಇವರು ಹುಡುಗ. ಮರದ ದಿಮ್ಮಿಯಂಥ ದೋಣಿ, ಒಳಗೆ ಹಾಡುವ ಮೊಲ, ನರಿ, ಕರಡಿ, ಕೊನೆಗೆ ಸುಮಾರು ಐವತ್ತು ಅಡಿ ಎತ್ತರದಿಂದ ಮುಳ್ಳುಕಂಟಿಗಳ ನಡುವೆ ನೀರಿಗೆ ಬೀಳುವುದು. ಮುಚ್ಚಿಹೋದ ಇನ್ನೊಂದು ಪ್ರದರ್ಶನದ ಗೊಂಬೆಗಳನ್ನೇ ತಂದು ಬಹಳಷ್ಟನ್ನು ಕಟ್ಟಿದ್ದರು. ಆದರೂ ಒಟ್ಟಾಗಿ ಒಂದು ಕತೆ ಹೇಳುತ್ತಿತ್ತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯ ಪೊಲೀಸರ ಕೈಯಲ್ಲಿ ಸತ್ತ ನಂತರದ ವಾರಗಳಲ್ಲಿ ಕಂಪನಿ ಅದನ್ನು ಬದಲಿಸುವುದಾಗಿ ಪ್ರಕಟಿಸಿತು. 2023ರಲ್ಲಿ ಮುಚ್ಚಿದರು. "ಆ ರೈಡಿನಲ್ಲಿ ಯಾರನ್ನು ಅವಮಾನಿಸಿದ್ದರು, ಹೇಳಿ. ಇದ್ದದ್ದು ಒಂದು ಮೊಲ" ಎಂದು ನೆರೆಯವರು ಬೇಸರದಿಂದ ಕೇಳಿದರು. ಅವರಿಗೆ ಆ ಕತೆಯ ಮೂಲ ತಿಳಿದಿರಲಿಲ್ಲ. ತಿಳಿಯುವಂತೆ ಯಾರೂ ಮಾಡಿರಲಿಲ್ಲ.

ಮೂಲ 1946ರ 'ಸಾಂಗ್ ಆಫ್ ದ ಸೌತ್' ಚಿತ್ರ. ಅದರ ಮೂಲ ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಎಂಬ ಜಾರ್ಜಿಯಾದ ಬಿಳಿಯ ಪತ್ರಕರ್ತ 1880ರಿಂದ ಪ್ರಕಟಿಸಿದ ಪುಸ್ತಕಗಳು. ಹುಡುಗನಾಗಿದ್ದಾಗ ಒಂದು ತೋಟದಲ್ಲಿ ಕೆಲಸಕ್ಕಿದ್ದ ಅವನು ಅಲ್ಲಿನ ಗುಲಾಮರ ಬಾಯಲ್ಲಿ ಕೇಳಿದ ಕತೆಗಳು ಅವು. ಹೊಡೆಯುವವನ ಕೈಯಿಂದ ಬುದ್ಧಿಬಲದಿಂದ ತಪ್ಪಿಸಿಕೊಳ್ಳುವ ಬಡಪಾಯಿ ಮೊಲ ಆಫ್ರಿಕದಿಂದ ಗುಲಾಮರ ಜೊತೆಗೇ ಬಂದದ್ದು. ಅದರಲ್ಲಿ ಮೊಲ ಟಾರಿನ ಗೊಂಬೆಗೆ ಗುದ್ದಿ ಕೈಕಾಲು ಅಂಟಿಸಿಕೊಳ್ಳುವ ಪ್ರಸಿದ್ಧ ಕತೆಯೊಂದಿದೆ. ಜೋಸೆಫ್ ಜೇಕಬ್ಸ್ ಎಂಬ ಇಂಗ್ಲಿಷ್ ಜಾನಪದ ವಿದ್ವಾಂಸ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಬೇರನ್ನು ನಮ್ಮ ಜಾತಕ ಕತೆಗಳಲ್ಲಿ ಹುಡುಕಿದ. ಅಲ್ಲಿ ಪಂಚಾಯುಧ ಕುಮಾರ ಅಂಟುಗೂದಲಿನ ಯಕ್ಷನಿಗೆ ಹೊಡೆದು ಹೊಡೆದು ಹೀಗೇ ಅಂಟಿಕೊಳ್ಳುತ್ತಾನೆ. ವಿದ್ವಾಂಸರಲ್ಲಿ ಎಲ್ಲರೂ ಒಪ್ಪಿದ ಮಾತಲ್ಲ ಇದು. ಆದರೂ ಪಂಚತಂತ್ರದ ಮೊಲ ಸಿಂಹವನ್ನು ಬಾವಿಗೆ ಕೆಡವಿದ್ದನ್ನು ಕೇಳಿ ಬೆಳೆದ ನಮಗೆ ಅಮೆರಿಕದ ಆ ಮೊಲದ ಗುರುತು ಸುಲಭವಾಗಿ ಹತ್ತುತ್ತದೆ.

ಸಿನಿಮಾ ಈ ಕತೆಗಳನ್ನು ಅಂಕಲ್ ರೀಮಸ್ ಎಂಬ ಕಪ್ಪುವರ್ಣೀಯ ಮುದುಕನ ಬಾಯಲ್ಲಿ ಹೇಳಿಸಿ, ಅವನು ತೋಟದ ಧಣಿಗಳ ಮಗುವನ್ನು ನಗಿಸುತ್ತ ಸುಖವಾಗಿದ್ದಾನೆ ಎಂಬ ಚಿತ್ರ ಕೊಟ್ಟಿತು. ಕಪ್ಪುವರ್ಣೀಯರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆ ವರ್ಷವೇ ಪ್ರತಿಭಟಿಸಿತು. ಈಗಿನವರ ಸೂಕ್ಷ್ಮತೆ ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು: ನೋವು ಹೊಸದಲ್ಲ, ಹೇಳಿದವರೂ ಹೊಸಬರಲ್ಲ. ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ನಡೆಯಿತು. ರೀಮಸ್ ಪಾತ್ರ ಮಾಡಿದ ಜೇಮ್ಸ್ ಬಾಸ್ಕೆಟ್‌ಗೆ ಜನಾಂಗ ಪ್ರತ್ಯೇಕತೆ ಜಾರಿಯಲ್ಲಿದ್ದ ಆ ಊರಿನ ಸಮಾರಂಭದಲ್ಲಿ ಪಾಲ್ಗೊಳ್ಳಲಾಗಲಿಲ್ಲ. 1948ರಲ್ಲಿ ಅವನಿಗೆ ವಿಶೇಷ ಆಸ್ಕರ್ ಕೊಟ್ಟರು. ಅದೇ ವರ್ಷ ತೀರಿಕೊಂಡ.

ರೈಡು ಕಟ್ಟಿದವರಿಗೆ ಇದೆಲ್ಲ ಗೊತ್ತಿತ್ತು. ಅವರು ರೀಮಸ್‌ನನ್ನು ತೆಗೆದರು. ಟಾರಿನ ಗೊಂಬೆಯ ಬದಲು ಜೇನುಗೂಡು ಇಟ್ಟರು. ಮೊಲ, ಹಾಡು, ಮುಳ್ಳುಕಂಟಿ ಉಳಿಸಿಕೊಂಡರು. ಇನ್ನೊಂದು ಕಡೆ ಸಿನಿಮಾವನ್ನು 1986ರ ನಂತರ ಅಮೆರಿಕದ ಚಿತ್ರಮಂದಿರಗಳಿಗೆ ಬಿಡಲಿಲ್ಲ, ಅಲ್ಲಿ ವಿಡಿಯೋ ಕ್ಯಾಸೆಟ್ಟಿನಲ್ಲೂ ಡಿವಿಡಿಯಲ್ಲೂ ತರಲಿಲ್ಲ, ಡಿಸ್ನಿ ಪ್ಲಸ್ಸಿನಲ್ಲೂ ಹಾಕಿಲ್ಲ. ನನ್ನ ವಾದದ ನೆಲೆ ಇರುವುದು ಇಲ್ಲಿ. ಇವರು ಮಾಡಬೇಕಾದ್ದನ್ನು ತಿರುವುಮುರುವು ಮಾಡಿದ್ದಾರೆ. ಸಿನಿಮಾಕ್ಕೆ ಮುನ್ನುಡಿ ಹಾಕಬಹುದು. 'ಡಂಬೋ', 'ಪೀಟರ್ ಪ್ಯಾನ್' ಚಿತ್ರಗಳ ಮುಂದೆ 2020ರಲ್ಲಿ ಇದೇ ಕಂಪನಿ, ಈ ಚಿತ್ರಣಗಳು ಆಗಲೂ ತಪ್ಪು ಈಗಲೂ ತಪ್ಪು ಎಂಬ ಅರ್ಥದ ಒಕ್ಕಣೆ ಹಾಕಿತ್ತು. ಪುಸ್ತಕಕ್ಕೆ ಅಡಿಟಿಪ್ಪಣಿ ಬರೆಯಬಹುದು. ಮ್ಯೂಸಿಯಮ್ಮಿನ ಚಿತ್ರದ ಪಕ್ಕದಲ್ಲಿ ಫಲಕ ತೂಗಬಹುದು. ಕತ್ತಲೆಯಲ್ಲಿ ಹಾಡು ಹಚ್ಚಿ ಮೂರು ವರ್ಷದ ಮಗುವನ್ನು ಕೂರಿಸಿಕೊಂಡು ಓಡುವ ದೋಣಿಯಲ್ಲಿ ಟಿಪ್ಪಣಿಗೆ ಜಾಗವಿಲ್ಲ. ಅಲ್ಲಿ ಇಟ್ಟದ್ದೆಲ್ಲ ಒಪ್ಪಿಗೆಯ ಮುದ್ರೆ ಹೊತ್ತೇ ಬರುತ್ತದೆ. ಆದ್ದರಿಂದ ತಿದ್ದಬೇಕಾದ್ದು ರೈಡು, ತೆರೆದಿಡಬೇಕಾದ್ದು ದಾಖಲೆ. ಇವರು ರೈಡನ್ನು ಮೂವತ್ತನಾಲ್ಕು ವರ್ಷ ಓಡಿಸಿದರು, ದಾಖಲೆಗೆ ಬೀಗ ಹಾಕಿದರು. ಅದರ ಫಲವಾಗಿ ನನ್ನ ನೆರೆಯವರಂಥ ಲಕ್ಷಾಂತರ ಜನ ಒಂದು ಜನಾಂಗದ ಗುಲಾಮಗಿರಿಯ ಕಾಲದ ಕತೆಯ ಮೇಲೆ ಕೂತು ಬಾಲ್ಯ ಕಳೆದರು, ಅದು ಯಾರ ಕತೆಯೆಂದು ತಿಳಿಯದೆ. ತೆಗೆದಾಗ ಅವರಿಗೆ ಸಿಟ್ಟು ಬಂದರೆ ಅವರನ್ನು ದೂರಲಾರೆ.

ಈಗ ಅದೇ ಬೆಟ್ಟದಲ್ಲಿ ಟಿಯಾನಾಳ ರೈಡು ಇದೆ. ಫ್ಲಾರಿಡಾದಲ್ಲಿ 2024ರ ಜೂನ್‌ನಲ್ಲಿ, ಇಲ್ಲಿ ಅದೇ ವರ್ಷ ನವೆಂಬರಿನಲ್ಲಿ ತೆರೆದರು. ಟಿಯಾನಾ 2009ರ ಚಿತ್ರದ ನಾಯಕಿ, ಡಿಸ್ನಿಯ ಮೊದಲ ಕಪ್ಪುವರ್ಣೀಯ ರಾಜಕುಮಾರಿ. ನ್ಯೂ ಆರ್ಲಿಯನ್ಸ್‌ನಲ್ಲಿ ಹೆಸರಾಂತ ಹೋಟೆಲು ನಡೆಸಿದ ಲಿಯಾ ಚೇಸ್ ಎಂಬ ಮಹಿಳೆಯ ಬದುಕು ಆ ಪಾತ್ರಕ್ಕೆ ಸ್ಫೂರ್ತಿ. ಗೊಂಬೆಗಳ ಮುಖಚಲನೆ ಮೊದಲಿಗಿಂತ ಬಹಳ ಚೆನ್ನಾಗಿದೆ, ಸಂಗೀತವೂ ಚೆನ್ನಾಗಿದೆ. ಕತೆ ಮಾತ್ರ ಸಡಿಲ. ಹಬ್ಬಕ್ಕೆ ವಾದ್ಯಗಾರರನ್ನು ಹುಡುಕುವ ಕತೆಯಲ್ಲಿ ಐವತ್ತು ಅಡಿ ಬೀಳುವುದಕ್ಕೆ ಕಾರಣ ಬೇಡವೇ? ಮೊಲದ ಕತೆಯಲ್ಲಿ ಆ ಬೀಳುವಿಕೆಯೇ ಬಿಡುಗಡೆಯಾಗಿತ್ತು. ಬದಲಾವಣೆ ಆಗಬೇಕಿತ್ತು ಎಂದು ಒಪ್ಪುವವಳಾಗಿಯೇ ಇದನ್ನು ಹೇಳುತ್ತಿದ್ದೇನೆ. ಜಪಾನಿನಲ್ಲಿ 1992ರಿಂದ ಇರುವ ಹಳೆಯ ರೂಪ ಹಾಗೆಯೇ ಓಡುತ್ತಿದೆ. ನೆರೆಯವರು ಮಗನನ್ನು ಕರೆದುಕೊಂಡು ಟೋಕಿಯೋಗೆ ಹೋಗಿಬಂದರು.

ಜಂಗಲ್ ಕ್ರೂಸ್ 2021ರಲ್ಲಿ ಬದಲಾಯಿತು. ಕುಣಿಯುವವರಿಲ್ಲ, ಭರ್ಜಿಯವರಿಲ್ಲ, ಸ್ಯಾಮ್ ಇಲ್ಲ; ಅವನ ಹೆಸರಿನ ಅಂಗಡಿಯೊಂದು ಉಳಿದಿದೆ. ಘೇಂಡಾಮೃಗಕ್ಕೆ ಹೆದರಿ ಕಂಬ ಹತ್ತಿದ ಸಫಾರಿ ತಂಡದಲ್ಲಿ ಈಗ ಬೇರೆ ಬೇರೆ ದೇಶದವರಿದ್ದಾರೆ. ಒಡೆದ ದೋಣಿಯೊಂದನ್ನು ಚಿಂಪಾಂಜಿಗಳು ವಶಪಡಿಸಿಕೊಂಡಿವೆ. ಬದಲಾದ ರೈಡು ತೆರೆದ ತಿಂಗಳೇ ಅದೇ ಹೆಸರಿನ ಸಿನಿಮಾ ಬಿಡುಗಡೆಯಾಯಿತು ಎಂಬುದನ್ನೂ ಹೇಳಬೇಕು. ಕಂಪನಿಗೆ ಆತ್ಮಸಾಕ್ಷಿಯೂ ವ್ಯಾಪಾರವೂ ಒಂದೇ ದಿನ ನೆನಪಾಗಿದ್ದವು. ತೆಗೆದದ್ದೆಲ್ಲ ತೆಗೆಯಬೇಕಾದದ್ದೇ. ಆದರೆ ಆ ತೆರವನ್ನು ಏನು ತುಂಬಿತು? ಮೊದಲು ಆ ನದಿಯ ದಡದಲ್ಲಿ ಅಲ್ಲಿಯ ಜನರನ್ನು ಕೆಟ್ಟದಾಗಿ ತೋರಿಸುತ್ತಿದ್ದರು. ಈಗ ಜನರೇ ಇಲ್ಲ. ಇರುವವರೆಲ್ಲ ಹೊರಗಿನಿಂದ ಬಂದ ಪ್ರವಾಸಿಗಳು, ಆಮೇಲೆ ಪ್ರಾಣಿಗಳು. ಕಾಂಗೋ, ನೈಲ್, ಮೆಕಾಂಗ್ ನದಿಗಳ ದಡದಲ್ಲಿ ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದೋಣಿ ಕಟ್ಟುವವರು ಕೋಟ್ಯಂತರ ಜನ ಇದ್ದಾರೆ. ಅವರನ್ನು ಹಾಸ್ಯ ಮಾಡದೆ ತೋರಿಸುವುದು ಹೇಗೆಂದು ಯೋಚಿಸುವ ಕಷ್ಟವನ್ನು ಇನ್ನೂ ಯಾರೂ ತೆಗೆದುಕೊಂಡಿಲ್ಲ. ಅದಕ್ಕೆ ಹೋಲಿಸಿದರೆ ನಾನಾ ದೇಶಗಳ ಮಕ್ಕಳ ಗೊಂಬೆಗಳು ಹಾಡುವ 'ಸ್ಮಾಲ್ ವರ್ಲ್ಡ್' ರೈಡಿನಲ್ಲಿ 2022ರಲ್ಲಿ ಗಾಲಿಕುರ್ಚಿಯ ಮೇಲೆ ಕೂತ ಎರಡು ಗೊಂಬೆಗಳನ್ನು ಸೇರಿಸಿದ್ದು ಚಿಕ್ಕ ಕೆಲಸ, ಆದರೆ ಸರಿಯಾದ ದಿಕ್ಕಿನದು. ಯಾರನ್ನೂ ಓಡಿಸಲಿಲ್ಲ, ಇಲ್ಲದವರನ್ನು ಒಳಗೆ ಕರೆದರು.

ನಮ್ಮ ಸರದಿಗೂ ಬರೋಣ. 1995ರಲ್ಲಿ ತೆರೆದ ಇಂಡಿಯಾನಾ ಜೋನ್ಸ್ ರೈಡಿನ ಕತೆ ನಡೆಯುವುದು 1935ರ ಭಾರತದಲ್ಲಿ, ಯಾವುದೋ ಕಣ್ಮರೆಯಾದ ನದೀಮುಖಜ ಭೂಮಿಯಲ್ಲಿ. ಮಾರ ಎಂಬ ದೇವರ ಪಾಳುಗುಡಿ. ಯೌವನ, ಸಂಪತ್ತು, ಭವಿಷ್ಯದ ದರ್ಶನ, ಮೂರರಲ್ಲೊಂದನ್ನು ಕೊಡುತ್ತೇನೆನ್ನುವ ವಿಗ್ರಹ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಶಾಪ. ಹನ್ನೆರಡು ಜನ ಕೂರುವ ಜೀಪು ಕುಲುಕುತ್ತ, ವಾಲುತ್ತ, ಹಾವು, ಅಸ್ಥಿಪಂಜರ, ಉರುಳಿಬರುವ ಬಂಡೆಯ ಕೆಳಗಿನಿಂದ ಹಾರುತ್ತದೆ. ರೈಡಾಗಿ ಅದು ನನಗೆ ಬಹಳ ಇಷ್ಟ. ಇಂಡಿಯಾನಾ ಜೋನ್ಸ್ ಸರಣಿಯ 1984ರ ಸಿನಿಮಾದಲ್ಲಿ ಇದ್ದ ಮಿದುಳಿನ ಊಟ, ನರಬಲಿ ಇದರಲ್ಲಿಲ್ಲ. ಆ ಚಿತ್ರಕ್ಕೆ ಭಾರತ ಸರ್ಕಾರ ಚಿತ್ರಕತೆ ತಿದ್ದದೆ ಅನುಮತಿ ಕೊಡಲಿಲ್ಲ, ಶ್ರೀಲಂಕಾದಲ್ಲಿ ಚಿತ್ರೀಕರಿಸಿದರು. ರೈಡು ಆ ಮಟ್ಟಿಗೆ ಎಚ್ಚರದಿಂದಿದೆ.

ಆದರೂ ಸಾಲಿನಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಒಬ್ಬ ಭಾರತೀಯನನ್ನು ಹುಡುಕುತ್ತದೆ. ಭಾರತದಲ್ಲಿ ನಡೆಯುವ ಈ ಕತೆಯಲ್ಲಿ ಬದುಕಿರುವ ಭಾರತೀಯರು ಯಾರೂ ಇಲ್ಲ. ಜೀಪಿನಲ್ಲಿ ಹೇಗೆ ಕೂರಬೇಕೆಂದು ತೆರೆಯ ಮೇಲೆ ಹೇಳಿಕೊಡುವವನು ಸಲ್ಲಾ, ಆ ಸಿನಿಮಾಗಳ ಈಜಿಪ್ಟಿನ ಪಾತ್ರ. ಮಾರ ನಮ್ಮಲ್ಲಿ ಗುಡಿ ಕಟ್ಟಿಸಿಕೊಂಡ ದೇವರಲ್ಲ. ಬೋಧಿವೃಕ್ಷದ ಕೆಳಗೆ ಕೂತ ಸಿದ್ಧಾರ್ಥನನ್ನು ಕದಲಿಸಲು ಬಂದು ಸೋತವನು. ಇದು ಟ್ರೇಡರ್ ಸ್ಯಾಮ್‌ನಷ್ಟು ಅವಮಾನವಲ್ಲ. ನಮ್ಮವರು ಯಾರೂ ಪ್ರತಿಭಟಿಸಿದಂತೆಯೂ ಇಲ್ಲ. ನನಗೂ ಇದನ್ನು ಮುಚ್ಚಿಸುವ ಆಸೆಯಿಲ್ಲ. ನನ್ನ ಮಗಳು ಮಾತ್ರ, ಇಲ್ಲಿಯೇ ಹುಟ್ಟಿ ಬೆಳೆದವಳು, ಶಾಲೆಯಲ್ಲಿ ಗೆಳತಿಯರು "ಮಾರ ನಿಮ್ಮ ದೇವರಾ" ಎಂದು ಕೇಳಿದಾಗ ಉತ್ತರ ಗೊತ್ತಿಲ್ಲದೆ ಮನೆಗೆ ಬಂದು ಕೇಳಿದ್ದಳು.

ಜೀಪಿನಲ್ಲೂ ಟಿಪ್ಪಣಿಗೆ ಜಾಗವಿಲ್ಲ, ನಿಜ. ಸಾಲಿನಲ್ಲಿ ಇದೆ. ಜನ ಅಲ್ಲಿ ಒಂದೊಂದು ಸಲ ಗಂಟೆಗಟ್ಟಲೆ ನಿಲ್ಲುತ್ತಾರೆ. ಗುಹೆಯಂಥ ಆ ಹಾದಿಯ ಗೋಡೆಗಳ ಮೇಲೆ ಕಂಪನಿಯವರೇ ಕಟ್ಟಿದ ಗುಪ್ತಲಿಪಿಯಿದೆ. ಮೊದಲ ವರ್ಷಗಳಲ್ಲಿ ಅದನ್ನು ಬಿಡಿಸಿ ಓದಲು ಕಾರ್ಡು ಹಂಚುತ್ತಿದ್ದರು, ಮಕ್ಕಳು ಬಗ್ಗಿ ಬಗ್ಗಿ ಓದುತ್ತಿದ್ದರು. ಅಷ್ಟು ಓದುವ ಮನಸ್ಸಿರುವವರಿಗೆ, ಅದೇ ಗೋಡೆಯಲ್ಲಿ ಒಂದು ಕಡೆ, ಮಾರ ಯಾರು, ಯಾರ ಕತೆಯವನು, ಎಲ್ಲಿ ಸೋತ ಎಂದು ಬರೆದರೆ ರೈಡಿನ ಒಂದು ತಿರುಪನ್ನೂ ಬಿಚ್ಚಬೇಕಾಗಿಲ್ಲ. ಟಿಯಾನಾಳ ಬೆಟ್ಟದ ಸಾಲಿನಲ್ಲೂ ಹಾಗೆಯೇ: ಇಲ್ಲಿ ಮೊದಲು ಒಂದು ಮೊಲವಿತ್ತು, ಆ ಮೊಲದ ಕತೆಯನ್ನು ಯಾರು ಯಾರಿಗೆ ಯಾಕೆ ಹೇಳುತ್ತಿದ್ದರು, 1946ರಲ್ಲಿ ಅದನ್ನು ನಾವು ಹೇಗೆ ಸಿನಿಮಾ ಮಾಡಿದೆವು, ಅದಕ್ಕೆ ಯಾರು ನೊಂದರು, ಜೇಮ್ಸ್ ಬಾಸ್ಕೆಟ್ ಯಾರು. ಒಂದು ಗೋಡೆ ಸಾಕು.